ಹೊಳೆಗೆ ಬಿಡುವುದೋ, ಅಟ್ಟಕ್ಕೆ ಏರಿಸುವುದೋ

ಹರಿಹರದ ನಮ್ಮ ತವರಿನಲ್ಲಿ ಓಲೆಗರಿಯ ಕಟ್ಟು ಹಳತಾಗಿ, ಹುಳು ಹಿಡಿದು, ಗರಿ ಮುರಿದು ಓದಲು ಬಾರದಂತಾದರೆ ಅದನ್ನು ಹೊಳೆಗೆ ಬಿಡುತ್ತಿದ್ದರು. ಕಸಕ್ಕೆ ಹಾಕುವಂತಿಲ್ಲ, ಒಲೆಗೆ ಇಡುವಂತಿಲ್ಲ, ಯಾರ ಕಾಲಿಗೂ ತಾಗುವಂತಿಲ್ಲ. ಹೊಸ ಬಟ್ಟೆಯಲ್ಲಿ ಸುತ್ತಿ, ವಿಭೂತಿ ಹಚ್ಚಿ, ಮೇಲೊಂದು ಹೂವಿಟ್ಟು, ಮೊಣಕಾಲುದ್ದದ ನೀರಿಗಿಳಿದು ತುಂಗಭದ್ರೆಯ ಕೈಗೆ ಕೊಟ್ಟು ಬರುವುದು. ಮನೆಗೆ ಬಂದು ಸ್ನಾನ ಮಾಡಿದ ಮೇಲೇ ಊಟ. ತಮಿಳುನಾಡಿನಲ್ಲೂ ಇಂಥದೇ ನಂಬಿಕೆ ಇತ್ತು. ಸಂಗಂ ಕಾಲದ ಕೃತಿಗಳ ಓಲೆ ಹುಡುಕುತ್ತ ಊರೂರು ಅಲೆದ ಉ.ವೇ. ಸ್ವಾಮಿನಾಥ ಅಯ್ಯರ್ (1855–1942) ತಮ್ಮ ಆತ್ಮಕಥೆಯಲ್ಲಿ, ಆಡಿ ತಿಂಗಳ ಹದಿನೆಂಟರಂದು ಓಲೆಗಳನ್ನು ಹೊಳೆಗೆ ಬಿಟ್ಟುಬಿಟ್ಟ ಮನೆಗಳ ಸಂಗತಿಯನ್ನು ನೋವಿನಿಂದ ಬರೆದಿದ್ದಾರೆ.

ಈ ಪದ್ಧತಿಯನ್ನು ಅಜ್ಞಾನವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದರ ಹಿಂದೆ ಒಂದು ತಿಳಿವಳಿಕೆ ಇದೆ. ಬಂದದ್ದೆಲ್ಲ ಹೋಗಲೇಬೇಕು, ಹೋಗುವಾಗ ಮರ್ಯಾದೆಯಿಂದ ಹೋಗಲಿ ಎಂಬುದು ಅದು. ಆದರೆ ಹೊಳೆಯೇ ನಮ್ಮ ಬಾಗಿಲಿಗೆ ಬಂದರೆ ಏನು ಮಾಡಬೇಕು? ಇನ್ನೂ ಓದಲು ಬರುವ, ಗಟ್ಟಿಯಾಗಿರುವ ಕಟ್ಟುಗಳನ್ನೂ ಅವಳು ಕೇಳಿದರೆ?

2019ರ ಆಗಸ್ಟ್‌ನಲ್ಲಿ, ಆಶ್ಲೇಷಾ ಮಳೆಯಲ್ಲಿ, ಈ ಪ್ರಶ್ನೆ ನಮ್ಮ ಪಡಸಾಲೆಗೆ ಬಂತು. ಹರಿಹರದ ಗಂಗಾನಗರದ ಮನೆಗಳಿಗೆ ನೀರು ನುಗ್ಗಿ ಜನ ಗಂಜಿ ಕೇಂದ್ರ ಸೇರಿದ್ದರು. ಉಕ್ಕಡಗಾತ್ರಿಯ ಕರಿಬಸವೇಶ್ವರ ಅಜ್ಜಯ್ಯನ ಸನ್ನಿಧಿಯ ಸ್ನಾನಘಟ್ಟ ಮುಳುಗಿತ್ತು. ನಮ್ಮ ಮನೆ ಹಳೇ ಊರಿನ ತಗ್ಗಿನಲ್ಲಿದೆ. ದಾವಣಗೆರೆಯ ವಿದ್ಯಾನಗರದಿಂದ ನಾನು ಓಡಿ ಬರುವ ಹೊತ್ತಿಗೆ ಹಿತ್ತಲಿಗೆ ನೀರು ಬಂದಿತ್ತು. ಎಂಬತ್ತು ದಾಟಿದ ದೊಡ್ಡಪ್ಪ ಪಡಸಾಲೆಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಕಟ್ಟುಗಳನ್ನು ಎತ್ತೋಣ ಅಂದೆ.

"ಇಷ್ಟು ದಿನ ನಾವೇ ಕೊಡೋಕೆ ಹೋಗ್ತಿದ್ವಿ. ಈಗ ಆಕೀನೇ ಇಸ್ಕೊಳ್ಳೋಕೆ ಬಂದಾಳೆ. ಬೇಡ ಅನ್ನೋಕೆ ನಾವ್ಯಾರವ್ವ?" ಅಂದರು.

ದೊಡ್ಡಪ್ಪ ಸೋಮಾರಿಯಲ್ಲ, ಉದಾಸೀನದ ಮನುಷ್ಯರೂ ಅಲ್ಲ. ದಿನಾ ನಸುಕಿನಲ್ಲಿ ಎದ್ದು ಲಿಂಗಪೂಜೆ ಮಾಡುವವರು. ವಚನಗಳನ್ನು ಪುಸ್ತಕ ಮುಟ್ಟದೆ ತಾಸುಗಟ್ಟಲೆ ಹೇಳಬಲ್ಲವರು. ಕಾಲೇಜಿನಲ್ಲಿ ಮೂರು ದಶಕ ಕನ್ನಡ ಪಾಠ ಹೇಳಿದ ನನಗೆ ಎಷ್ಟೋ ವಚನಗಳ ಅರ್ಥ ಬಿಡಿಸಿಕೊಟ್ಟವರು. ಅವರ ಮಾತನ್ನು ಹಾಗೇ ತೆಗೆದುಹಾಕುವಂತಿಲ್ಲ. ಕಾಯವೇ ಬಿದ್ದುಹೋಗುವಾಗ ಓಲೆಯದೇನು? ಎದೆಯಲ್ಲಿರುವ ವಚನಕ್ಕೆ ನೀರು ತಾಗುವುದಿಲ್ಲ. ಮಳೆ ಹಿಡಿದಾಗಲೆಲ್ಲ ಪೆಟ್ಟಿಗೆಯ ಚಿಂತೆಯಲ್ಲಿ ನಿದ್ದೆಗೆಟ್ಟರೆ, ಅದು ಬಂಗಾರದ ಮೋಹವಾದರೇನು, ಗ್ರಂಥದ ಮೋಹವಾದರೇನು? ಇದು ಅವರ ವಾದ. ಅಪರಿಗ್ರಹವನ್ನು ನಂಬಿದ ಯಾರೇ ಆದರೂ ಇದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಮೊದಲು ಅಲ್ಲಿ ಏನೇನಿತ್ತು ಎಂದು ಹೇಳಿಬಿಡುತ್ತೇನೆ. ನಮ್ಮ ಮುತ್ತಜ್ಜ ದಾವಣಗೆರೆಯ ಹತ್ತಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು, ಶ್ರಾವಣದಲ್ಲಿ ಪುರಾಣ ಹಚ್ಚಿಸುತ್ತಿದ್ದವರು. ಅವರು ಕೂಡಿಸಿದ್ದು, ಅವರಿಗೆ ಅವರ ಹಿರಿಯರಿಂದ ಬಂದದ್ದು ಎರಡೂ ಸೇರಿವೆ. ಚಾಮರಸನ ಪ್ರಭುಲಿಂಗಲೀಲೆ, ಭೀಮಕವಿಯ ಬಸವಪುರಾಣ, ಲಕ್ಷ್ಮೀಶನ ಜೈಮಿನಿ ಭಾರತ, ವಚನದ ಕಟ್ಟುಗಳು, ಮನೆಮದ್ದಿನ ಒಂದು ಸಣ್ಣ ಕಟ್ಟು. ಮಂಡಿಯ ಲೆಕ್ಕದ ಕಡತಗಳು. ಆಮೇಲೆ ಸೇರಿದ ಅಚ್ಚಿನ ಪುಸ್ತಕಗಳು, 'ಶಿವಾನುಭವ' ಪತ್ರಿಕೆಯ ಹಳೆಯ ಸಂಚಿಕೆಗಳು, ಕಾರ್ಡು ಕಾಗದಗಳು, ಫೋಟೋಗಳು. ಹರ್ಡೇಕರ್ ಮಂಜಪ್ಪನವರು 1913ರಲ್ಲಿ ದಾವಣಗೆರೆಯ ವಿರಕ್ತಮಠದಲ್ಲಿ ಮೃತ್ಯುಂಜಯ ಅಪ್ಪಗಳ ಜೊತೆಗೂಡಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆರಂಭಿಸಿದರಲ್ಲ, ಆಗ ಮುತ್ತಜ್ಜ ಅಲ್ಲಿದ್ದರೆಂದು ನಮ್ಮ ಮನೆಯ ಮಾತು. ಮಂಡಿಯ ಲೆಕ್ಕದ ಮನುಷ್ಯ ವಚನದ ಕಟ್ಟು ಹುಡುಕುವ ಮನುಷ್ಯನಾದದ್ದು ಅಲ್ಲಿಂದಲೇ ಎಂದು ನಾನು ನಂಬಿದ್ದೇನೆ.

ನೀರು ಇವನ್ನೆಲ್ಲ ಒಂದೇ ರೀತಿ ನೋಡುವುದಿಲ್ಲ. ಓಲೆಗರಿಯ ಮೇಲೆ ಅಕ್ಷರವನ್ನು ಕಂಠದಿಂದ, ಅಂದರೆ ಕಬ್ಬಿಣದ ಮೊನೆಯಿಂದ ಕೊರೆದಿರುತ್ತಾರೆ. ಆಮೇಲೆ ಕಾಡಿಗೆ ಸವರಿ ಒರೆಸಿದರೆ ಗೀರಿನೊಳಗೆ ಕಪ್ಪು ಕೂತು ಅಕ್ಷರ ಕಾಣುತ್ತದೆ. ಪ್ರವಾಹದ ನೀರು ಆ ಕಾಡಿಗೆಯನ್ನು ತೊಳೆದೀತು, ಗೀರನ್ನು ತೊಳೆಯಲಾರದು. ಗರಿ ಕೊಳೆಯದಂತೆ ಬೇಗ ಒಣಗಿಸಿ ಮತ್ತೆ ಕಾಡಿಗೆ ಸವರಿದರೆ ಓದಬಹುದು. ಕಡತದ ಕಥೆ ಬೇರೆ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಮೇಲೆ ಬಳಪದಲ್ಲಿ ಬರೆಯುವುದು ಕಡತ. ಬೇಡವಾದ ಲೆಕ್ಕವನ್ನು ಅಳಿಸಿ ಮತ್ತೆ ಬರೆಯಲಿ ಎಂದೇ ಮಾಡಿದ ವಸ್ತು. ನೀರು ಮುಟ್ಟಿದರೆ ಅಕ್ಷರವೂ ಹೋಯಿತು, ಅಂಟೂ ಹೋಯಿತು. ಆ ರಾತ್ರಿ ಹಿತ್ತಲ ಕೋಣೆಯ ನೆಲದ ಮೇಲಿದ್ದ ಪೆಟ್ಟಿಗೆಗೆ ನೀರು ಹೊಕ್ಕು ಕಡತಗಳೆಲ್ಲ ಬರೀ ಕಪ್ಪು ಬಟ್ಟೆಯಾದವು. ದಾವಣಗೆರೆ ಹತ್ತಿಯ ಊರಾಗಿ ಬೆಳೆದ ಕಾಲದ ಒಂದು ಮಂಡಿಯ ಲೆಕ್ಕ, ಯಾವ ಹಳ್ಳಿಯಿಂದ ಎಷ್ಟು ಗಾಡಿ ಬಂತು, ಯಾರಿಗೆ ಎಷ್ಟು ಮುಂಗಡ ಕೊಟ್ಟರು ಎಂಬುದೆಲ್ಲ ಅದರಲ್ಲಿತ್ತು. ಅದನ್ನು ಪೂರ್ತಿ ಓದಿದವರು ಈಗ ಯಾರೂ ಇಲ್ಲ. ಓಲೆಗಳು ಮಾತ್ರ ದೇವರ ಜಗಲಿಯ ಮೇಲೆ ಇದ್ದುದರಿಂದ ಉಳಿದವು. ನೀರು ಅಷ್ಟು ಮೇಲೆ ಬರಲಿಲ್ಲ.

ಅದೇ ದಿನಗಳಲ್ಲಿ ಕೃಷ್ಣೆಯ ನೀರು ಸಾಂಗ್ಲಿಯ ಹಳೆಯ ನಗರ ವಾಚನಾಲಯಕ್ಕೆ ನುಗ್ಗಿ ಪುಸ್ತಕಗಳು ನಾಶವಾದವು. ಆ ಸುದ್ದಿ ಕೇಳಿದಾಗ ದೊಡ್ಡಪ್ಪನ ಮಾತು ನನಗೆ ಇನ್ನಷ್ಟು ಭಾರವಾಯಿತು. ಸಾಂಗ್ಲಿಯ ಆ ಪುಸ್ತಕಗಳನ್ನೂ ನದಿ ಇಸಿದುಕೊಂಡಳು ಎನ್ನಬಹುದೇ? ಊರಿನ ಮಕ್ಕಳು ಓದುವ ಪುಸ್ತಕ ಅವು. ಕೊಟ್ಟವರು ಯಾರು? ಯಾರ ಒಪ್ಪಿಗೆಯಿಂದ?

ನನ್ನ ಉತ್ತರ ಶುರುವಾಗುವುದೇ ಇಲ್ಲಿಂದ. ಒಪ್ಪಿಸಬೇಕಾದರೆ ವಸ್ತು ನನ್ನದಾಗಿರಬೇಕು. ನನ್ನ ಬಳೆಯನ್ನು, ನನ್ನ ಹೊಲದ ಮೊದಲ ತೆನೆಯನ್ನು ನಾನು ಗಂಗೆಗೆ ಕೊಡಬಹುದು. ನೆರೆಮನೆಯವರು ಇಟ್ಟುಹೋದ ಗಂಟನ್ನು ಕೊಡಲಾರೆ. ಮುತ್ತಜ್ಜ ಕೂಡಿಸಿದ ಕಟ್ಟು ದೊಡ್ಡಪ್ಪನದೂ ಅಲ್ಲ, ನನ್ನದೂ ಅಲ್ಲ. ಬರೆದವರು, ನಕಲು ಮಾಡಿದವರು, ಹಸಿವಿನ ವರ್ಷಗಳಲ್ಲೂ ಮಾರದೆ ಇಟ್ಟವರು, ಇನ್ನೂ ಹುಟ್ಟದ ಓದುಗರು ಎಲ್ಲರಿಗೂ ಅದರಲ್ಲಿ ಪಾಲಿದೆ. ಹಿರಿಯರು ಋಷಿಋಣ ಎಂದರಲ್ಲ, ಅದು ಓದಿ ಮುಂದಿನವರಿಗೆ ದಾಟಿಸಿದರೆ ಮಾತ್ರ ತೀರುವ ಋಣ. ಸಾಲದ ಪತ್ರವನ್ನು ಹೊಳೆಗೆ ಬಿಟ್ಟರೆ ಸಾಲ ತೀರುವುದಿಲ್ಲ.

ದಾನಶಾಸನಗಳ ಕೊನೆಯ ಸಾಲುಗಳನ್ನು ಓದಿದವರಿಗೆ ಇದು ಹೊಸ ವಿಚಾರವಲ್ಲ. ಕನ್ನಡ ನಾಡಿನ ಕಲ್ಲುಗಳಲ್ಲಿ ದತ್ತಿಯ ವಿವರ ಮುಗಿದ ಮೇಲೆ ಕೆಲವು ಸಂಸ್ಕೃತ ಶ್ಲೋಕಗಳು ಮತ್ತೆ ಮತ್ತೆ ಬರುತ್ತವೆ. ಕೊಡುವುದು, ಕಾಯುವುದು ಈ ಎರಡರಲ್ಲಿ ಕಾಯುವುದೇ ಮೇಲು, ಕೊಟ್ಟವನಿಗೆ ಸ್ವರ್ಗ, ಕಾಯ್ದವನಿಗೆ ಅದಕ್ಕಿಂತ ಎತ್ತರದ ಪದವಿ ಎಂಬುದು ಅವುಗಳಲ್ಲೊಂದರ ತಾತ್ಪರ್ಯ. ಇನ್ನೊಬ್ಬರು ಕೊಟ್ಟದ್ದನ್ನು ಕಾಯುವ ಪುಣ್ಯ ತಾನೇ ಕೊಟ್ಟದ್ದಕ್ಕಿಂತ ಇಮ್ಮಡಿ ಎನ್ನುವ ಮಾತೂ ಉಂಟು. ಇದು ರಾಜರು ತಮ್ಮ ದತ್ತಿ ಉಳಿಯಲೆಂದು ಹಾಕಿಸಿದ ಬೆದರಿಕೆಯಷ್ಟೇ ಎಂದು ಕೆಲವರು ಹೇಳುತ್ತಾರೆ. ಇರಬಹುದು. ಆದರೂ ಧರ್ಮದ ತಕ್ಕಡಿಯಲ್ಲಿ ತ್ಯಾಗಕ್ಕಿಂತ ಪಾಲನೆಯ ತೂಕ ಹೆಚ್ಚೆಂದು ಇಷ್ಟು ಸ್ಪಷ್ಟವಾಗಿ ಕಲ್ಲಿನಲ್ಲಿ ಕೊರೆಸಿದ ನಾಡು ನಮ್ಮದು. ನಮ್ಮ ಮನಸ್ಸಿಗೆ ಮಾತ್ರ ತ್ಯಾಗ ದೊಡ್ಡದಾಗಿ ಕಾಣುತ್ತದೆ, ಏಕೆಂದರೆ ಅದು ಒಂದು ದಿನದ ಕೆಲಸ. ಪಾಲನೆ ಪ್ರತಿ ಮಳೆಗಾಲದ ಕೆಲಸ.

ಓಲೆಗ್ರಂಥಗಳ ಲಿಪಿಕಾರರೂ ಕೊನೆಯಲ್ಲಿ ಒಂದು ಬಿನ್ನಹ ಬರೆಯುವ ರೂಢಿಯಿತ್ತು. ಬೆನ್ನು ಬಾಗಿಸಿ, ಕತ್ತು ನೋಯಿಸಿಕೊಂಡು ಬರೆದಿದ್ದೇನೆ, ಜತನದಿಂದ ಕಾಪಾಡಿ ಎಂದು. ಇನ್ನು ಕೆಲವೆಡೆ ಗ್ರಂಥವೇ ಬಾಯಿ ಬಿಟ್ಟು ಬೇಡಿಕೊಳ್ಳುತ್ತದೆ. ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖರ ಕೈಗೆ ಕೊಡಬೇಡ ಎಂದು. ನೀರಿನ ಹೆಸರು ಅಲ್ಲೇ ಇದೆ. ಆ ಬಿನ್ನಹ ಯಾರೋ ಒಬ್ಬ ಓದುಗನಿಗೆ ಮಾಡಿದ್ದಲ್ಲ, ಕಟ್ಟು ಯಾರ ಕೈಗೆ ಬರುತ್ತದೋ ಅವರಿಗೆ ಮಾಡಿದ್ದು. ಅಂದರೆ ದೊಡ್ಡಪ್ಪನಿಗೆ, ನನಗೆ.

ಇನ್ನು ಮೋಹದ ಮಾತು. ವೈರಾಗ್ಯವೆಂದರೆ ಕೈಬಿಡುವುದು ಎಂದಾದರೆ ವಚನಗಳು ನಮಗೆ ಸಿಗುತ್ತಲೇ ಇರಲಿಲ್ಲ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣ ಕದಡಿದಾಗ ಶರಣರು ಮನೆ ಬಿಟ್ಟರು, ಕಾಯಕದ ನೆಲೆ ಬಿಟ್ಟರು. ಆದರೆ ಚೆನ್ನಬಸವಣ್ಣನವರ ಮುಂದಾಳ್ತನದಲ್ಲಿ ಒಂದು ಗುಂಪು ವಚನದ ಕಟ್ಟುಗಳನ್ನು ಹೊತ್ತೇ ಉಳವಿಯತ್ತ ನಡೆಯಿತೆಂದು ಪರಂಪರೆ ಹೇಳುತ್ತದೆ. ಹದಿನೈದನೇ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದಲ್ಲಿ, ಚದುರಿಹೋದ ವಚನಗಳನ್ನು ಹುಡುಕಿ ಜೋಡಿಸಿದವರಲ್ಲಿ ಮುಂದಿದ್ದವರು ವಿರಕ್ತರು. ಸಂಸಾರದ ಯಾವ ವಸ್ತುವನ್ನೂ ತಮ್ಮದೆನ್ನದವರು ಓಲೆಯ ಕಟ್ಟುಗಳನ್ನು ಮಾತ್ರ ಬಿಡಲಿಲ್ಲ. ಇಪ್ಪತ್ತನೇ ಶತಮಾನದಲ್ಲಿ ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು (1880–1964) ಮನೆ ಮನೆಯ ಜಗಲಿಯಿಂದ ಕಟ್ಟು ಬೇಡಿ ತಂದರು, 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚು ಹಾಕಿಸಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು, ತಮ್ಮ ಗಳಿಕೆಯನ್ನೆಲ್ಲ ಅದಕ್ಕೇ ಸುರಿದರು. ಅವರದು ಮೋಹವೇ? ಮೋಹಿ ಸಿಕ್ಕಿದ್ದನ್ನು ಮುಚ್ಚಿಡುತ್ತಾನೆ. ಅವರು ಎಲ್ಲರಿಗೂ ಹಂಚಿದರು. ದೊಡ್ಡಪ್ಪ ಬಾಯಿಪಾಠ ಹೇಳುವ ವಚನಗಳೂ ಹೀಗೆ ಯಾರೋ ಕಾಯ್ದ ಓಲೆಯಿಂದ ಬಂದವೇ. ಅವರ ಎದೆಯಲ್ಲಿರುವುದಕ್ಕೆ ನೀರು ತಾಗುವುದಿಲ್ಲ, ನಿಜ. ವಯಸ್ಸು ತಾಗುತ್ತದೆ. ಅವರಂತೆ ಹೇಳಬಲ್ಲ ಮೊಮ್ಮಕ್ಕಳು ನಮ್ಮ ಮನೆಯಲ್ಲಿ ಒಬ್ಬರೂ ಇಲ್ಲ.

ಹರಿಹರದಲ್ಲಿ ಹುಟ್ಟಿದವಳಿಗೆ ಈ ವಾದ ಕೊನೆಗೂ ಊರಿನ ಹರಿಹರ ಗುಡಿಯ ಮುಂದೆ ಬಂದು ನಿಲ್ಲುತ್ತದೆ. ನಾವು ಇಷ್ಟಲಿಂಗದವರು, ಗುಡಿಯ ಮೂರ್ತಿಗೆ ನಡೆದುಕೊಳ್ಳುವ ಮನೆತನವಲ್ಲ. ಆದರೂ ಊರಿನ ಮಕ್ಕಳೆಲ್ಲ ಆ ಕಂಬಗಳ ನಡುವೆ ಆಡಿ ಬೆಳೆದವರೇ. ಹೊಯ್ಸಳ ವೀರ ನರಸಿಂಹನ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ ಅದು. ಒಳಗಿನ ಮೂರ್ತಿಯ ಬಲಗಡೆ ಹರ, ಎಡಗಡೆ ಹರಿ. ಶೈವರೂ ವೈಷ್ಣವರೂ ಜಗಳ ಬಿಡಲಿ ಎಂಬ ಅರ್ಥವನ್ನೇ ಎಲ್ಲರೂ ಹೇಳುತ್ತಾರೆ. 2019ರ ನಂತರ ನನಗೆ ಅಲ್ಲಿ ಬೇರೆಯೂ ಕಾಣುತ್ತಿದೆ. ಒಬ್ಬನದು ಲಯದ ಕೆಲಸ, ಇನ್ನೊಬ್ಬನದು ಸ್ಥಿತಿಯ ಕೆಲಸ, ಇಬ್ಬರೂ ಒಂದೇ ಮೈಯಲ್ಲಿ ನಿಂತಿದ್ದಾರೆ. ಹೋಗಬೇಕಾದದ್ದು ಹೋಗಲಿ ಎನ್ನುವ ದೊಡ್ಡಪ್ಪನ ಮಾತು, ಇರಬೇಕಾದದ್ದನ್ನು ಇರಿಸಿಕೊಳ್ಳೋಣ ಎನ್ನುವ ನನ್ನ ಮಾತು ಎರಡಕ್ಕೂ ಅಲ್ಲಿ ಜಾಗವಿದೆ. ಆದರೆ ಲಯ ಮಾಡುವುದು ದೇವರಿಗೆ ಸೇರಿದ್ದು. ಅದನ್ನು ನಾನೇ ಮುಂದಾಗಿ ಮಾಡಿ ದೇವರ ಹೆಸರು ಹೇಳುವುದು ಸರಿಯಲ್ಲ. ಕಾಯುವ ಕೆಲಸವೊಂದೇ ಮನುಷ್ಯನ ಕೈಗೆ ಬಂದಿದೆ. ಕಾಯ್ದೂ ಹೋದರೆ ಆಗ ಒಪ್ಪಿಸಿದೆ ಎನ್ನುವ ಹಕ್ಕು ಬರುತ್ತದೆ.

ಹಾಗಿದ್ದರೂ ಪ್ರವಾಹದ ರಾತ್ರಿ ಇದನ್ನೆಲ್ಲ ವಾದಿಸುವ ಹೊತ್ತಲ್ಲ. ಆ ಸಂಜೆ ನಮ್ಮ ಬೀದಿಗೆ ಒಂದೇ ಟ್ರ್ಯಾಕ್ಟರ್ ಬಂದಿತ್ತು. ಹಿಂದಿನ ಮನೆಯ ಬಾಣಂತಿ, ಎದುರು ಮನೆಯ ಅಕ್ಕಿ ಚೀಲ, ಯಾರದೋ ಎರಡು ಆಡು, ರೇಷನ್ ಕಾರ್ಡು ಪಹಣಿ ತುಂಬಿದ ಒಂದು ಟ್ರಂಕು. ಇವನ್ನು ಬಿಟ್ಟು ಓಲೆಯ ಕಟ್ಟು ಹತ್ತಿಸಿ ಎನ್ನುವ ಅಧಿಕಾರ ನನಗಿಲ್ಲ, ಯಾವ ವಿದ್ವಾಂಸರಿಗೂ ಇಲ್ಲ. ಬಸವಪುರಾಣದ ಹೆಸರಲ್ಲಿ ಬಾಣಂತಿಯನ್ನು ಕಾಯಿಸಿದರೆ ಆ ಪುರಾಣ ಓದಿ ಏನು ಕಲಿತಂತಾಯಿತು? ಆದ್ದರಿಂದ ಗ್ರಂಥ ಕಾಯುವ ಕೆಲಸ ಬೇಸಿಗೆಯಲ್ಲೇ ಮುಗಿದಿರಬೇಕು. ಮೃಗಶಿರಾ ಮಳೆ ಹುಟ್ಟುವ ಮುನ್ನ. ನೀರು ಬಂದ ಮೇಲೆ ಎರಡೂ ಕೈ ಜನಕ್ಕೆ, ದನಕರುಗಳಿಗೆ ಮೀಸಲು.

ನಮಗೆ ಮುನ್ಸೂಚನೆಗೇನೂ ಕೊರತೆಯಿಲ್ಲ. ಗಾಜನೂರಿನ ತುಂಗಾ ಅಣೆಕಟ್ಟು ಚಿಕ್ಕದು, ಮುಂಗಾರು ಹಿಡಿದೊಡನೆ ತುಂಬುತ್ತದೆ, ಆಮೇಲೆ ಬಂದದ್ದೆಲ್ಲ ಹೊರಗೆ. ಭದ್ರೆಯದು 186 ಅಡಿ, ತುಂಬಲು ಹೊತ್ತು ಹಿಡಿಯುತ್ತದೆ, ದಾವಣಗೆರೆಯ ಗದ್ದೆಗಳೆಲ್ಲ ಆ ಅಂಕಿಯನ್ನೇ ಕಾಯುತ್ತವೆ. ತುಂಗೆಯೂ ತುಂಬಿ ಭದ್ರೆಯ ಗೇಟೂ ತೆರೆದರೆ ಕೂಡ್ಲಿಯಲ್ಲಿ ಇಬ್ಬರೂ ಸೇರಿ, ಹೊನ್ನಾಳಿ ದಾಟಿ ನಮ್ಮ ಮೆಟ್ಟಿಲಿಗೆ ಬರುತ್ತಾರೆ. ಅಷ್ಟರೊಳಗೆ ಒಂದು ಪೆಟ್ಟಿಗೆ ಅಟ್ಟ ಹತ್ತಬಹುದು. ಆದರೆ ಪ್ರತಿ ವರ್ಷವೂ ಅದನ್ನು ಎತ್ತುವ ಗಟ್ಟಿ ಕೈಗಳು ಮನೆಯಲ್ಲಿರುತ್ತವೆ ಎಂದು ನಂಬಿ ಕೂರುವಂತಿಲ್ಲ.

ನಾವು ಮಾಡಿದ್ದು ಇಷ್ಟು. ಕಟ್ಟುಗಳನ್ನು ನೆಲಮಟ್ಟದಿಂದ ಮೇಲೆ, ಅಟ್ಟದಲ್ಲೂ ಸೂರಿನ ಸೋರು ಬೀಳದ ಕಡೆ ಇಟ್ಟೆವು. ಹಲಗೆ, ದಾರ ಬಿಗಿ ಮಾಡಿದೆವು. ಬಜೆ ಬೇರು, ಒಣಗಿದ ಬೇವಿನೆಲೆ ಇಟ್ಟೆವು. ಗರಿಗಳಿಗೆ ಮಜ್ಜಿಗೆಹುಲ್ಲಿನ ಎಣ್ಣೆ ತೆಳುವಾಗಿ ಸವರಿದೆವು. ಒಂದೊಂದು ಗರಿಯ ಎರಡೂ ಮಗ್ಗುಲನ್ನು ಹಗಲು ಬೆಳಕಿನಲ್ಲಿ ಫೋಟೋ ತೆಗೆದೆವು, ಒಂದು ಪ್ರತಿ ದಾವಣಗೆರೆಯಲ್ಲಿ ನನ್ನ ಬಳಿ, ಒಂದು ಬೆಂಗಳೂರಿನಲ್ಲಿ ನನ್ನ ಮಗನ ಬಳಿ ಇದೆ. ಕಾಗದ ಒದ್ದೆಯಾದರೆ ಏನು ಮಾಡಬೇಕೆಂಬುದನ್ನು ಒಂದು ಹಾಳೆಯಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಬಿಸಿಲಿಗೆ ಹಾಕಬೇಡಿ, ನೆರಳಲ್ಲಿ ಗಾಳಿಗೆ ಒಣಗಿಸಿ. ಕೆಸರನ್ನು ತಿಕ್ಕಬೇಡಿ. ಎರಡು ದಿನದೊಳಗೆ ಬೂಷ್ಟು ಹಿಡಿಯುತ್ತದೆ, ಅಷ್ಟರೊಳಗೆ ಒಣಗಿಸಲಾಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರ್‌ನಲ್ಲಿಡಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ತೆಗೆದು ಒಣಗಿಸಬಹುದು. ಫೋಟೋಗಳನ್ನು ಒಂದರ ಮೇಲೊಂದು ಅಂಟಿಕೊಂಡು ಒಣಗಲು ಬಿಡಬೇಡಿ. 1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸ್‌ನಲ್ಲಿ ಆರ್ನೊ ನದಿ ಉಕ್ಕಿ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ಕೆಸರಿನಲ್ಲಿ ಹೂತಾಗ, ದೇಶ ದೇಶಗಳ ಹುಡುಗ ಹುಡುಗಿಯರು ಬಂದು ಸಾಲಾಗಿ ನಿಂತು ಕೈಯಿಂದ ಕೈಗೆ ಪುಸ್ತಕ ದಾಟಿಸಿದರು. ಒದ್ದೆ ಗ್ರಂಥಗಳ ಶುಶ್ರೂಷೆಯ ಬಗ್ಗೆ ಜಗತ್ತು ಇಂದು ಬಲ್ಲದ್ದರಲ್ಲಿ ಬಹುಪಾಲು ಆ ಕೆಸರಿನಿಂದ ಕಲಿತದ್ದು.

ಇಷ್ಟಾದರೂ ನನಗೆ ಸಮಾಧಾನವಿಲ್ಲದ್ದು ಒಂದೇ ವಿಷಯದಲ್ಲಿ. ಗರಿ ಬಿಡಿಸಿ ಫೋಟೋ ತೆಗೆಯುವಾಗ ತಿಳಿದದ್ದೇನೆಂದರೆ, ವಚನದ ಒಂದು ಕಟ್ಟಿನ ದಾರ ಎರಡು ತಲೆಮಾರಿನಿಂದ ಬಿಚ್ಚಿರಲಿಲ್ಲ. ಮಹಾನವಮಿಗೆ ಜಗಲಿಯಿಂದ ಇಳಿಸಿ, ಒರೆಸಿ, ವಿಭೂತಿ ಹಚ್ಚಿ, ಮತ್ತೆ ಮೇಲಿಡುತ್ತಿದ್ದರು. ಪೂಜೆ ತಪ್ಪಿರಲಿಲ್ಲ. ಓದು ತಪ್ಪಿತ್ತು. ಹೀಗೆ ಕಟ್ಟಿಯೇ ಇಟ್ಟ ಗ್ರಂಥ ನೀರಿಲ್ಲದೆಯೂ ಮುಳುಗಿದೆ ಎಂದು ನಾನು ದೊಡ್ಡಪ್ಪನಿಗೆ ನೇರವಾಗಿಯೇ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾರೆ ಓದವ್ವ, ನಾನು ಕೇಳ್ತೀನಿ" ಅಂದರು. ಈಗ ನಾನು ಹರಿಹರಕ್ಕೆ ಹೋದಾಗಲೆಲ್ಲ ಊಟವಾದ ಮೇಲೆ ಗರಿಯ ಹಳೆಯ ಅಕ್ಷರವನ್ನು ಕೂಡಿಸಿ ಕೂಡಿಸಿ ಓದುತ್ತೇನೆ, ತಡವರಿಸಿದಲ್ಲಿ ಅವರು ನೆನಪಿನಿಂದ ತುಂಬಿಸುತ್ತಾರೆ. ಅವರ ಪಾಠಕ್ಕೂ ಗರಿಯ ಪಾಠಕ್ಕೂ ಅಲ್ಲಲ್ಲಿ ವ್ಯತ್ಯಾಸ ಬರುತ್ತದೆ. ಎರಡನ್ನೂ ಬರೆದಿಡುತ್ತಿದ್ದೇನೆ.

ಹೊಳೆ ನಮ್ಮನ್ನು ಕೇಳುತ್ತಾಳೆ, ಕೊಡಬೇಕು ಎಂಬ ಅವರ ನಂಬಿಕೆ ಈಗಲೂ ಹಾಗೇ ಇದೆ. ಕೊಡುವುದು ಬಾಗಿನವಾಗಲಿ, ಗ್ರಂಥ ಬೇಡ ಎಂಬಲ್ಲಿಗೆ ಬಂದಿದ್ದಾರೆ.

ತುಂಗಭದ್ರೆಯ ದಂಡೆಯ ಊರುಗಳಲ್ಲಿ, ಹೊನ್ನಾಳಿಯಲ್ಲಿ, ರಾಜನಹಳ್ಳಿಯಲ್ಲಿ, ಹರಿಹರದ ಹಳೇ ಮನೆಗಳಲ್ಲಿ ಇನ್ನೂ ಎಷ್ಟೋ ಜಗಲಿಗಳ ಮೇಲೆ ಬಟ್ಟೆ ಸುತ್ತಿದ ಕಟ್ಟುಗಳಿವೆ. ನಿಮ್ಮ ಮನೆಯಲ್ಲಿದ್ದರೆ ಈ ಬೇಸಿಗೆಯಲ್ಲೇ ದಾರ ಬಿಚ್ಚಿ. ನಿಮಗೆ ಓದಲು ಬಾರದಿದ್ದರೆ ಹತ್ತಿರದ ಕಾಲೇಜಿನ ಕನ್ನಡ ಮೇಷ್ಟ್ರನ್ನು ಕರೆಯಿರಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೆ ಒಂದು ಕಾಗದ ಬರೆಯಿರಿ. ಹೊಳೆಗೆ ಬಿಡಬೇಕೆನ್ನಿಸಿದರೂ ಅದರ ಮೊದಲು ಓದಬಲ್ಲ ಒಬ್ಬರಿಗೆ ತೋರಿಸಿ.